ಸ್ಟುಡಿಯೋದವನ ಸಮುದ್ರ

ಬಳ್ಳಾರಿಯಲ್ಲಿ ನಾನು ಕೆಲಸ ಮಾಡುವ ಜೀನ್ಸ್ ಘಟಕದ ದಾರಿಯಲ್ಲಿ, ಫುಟ್‌ಪಾತಿನ ಮೇಲೆ ಗೋಣಿತಟ್ಟು ಹಾಸಿಕೊಂಡು ಹಳೆ ಪುಸ್ತಕ ಮಾರುವವನೊಬ್ಬ ಕೂತಿರುತ್ತಾನೆ. ಹೋದ ವಾರ ಅವನ ರಾಶಿಯಲ್ಲಿ ಒಂದು ಹಳೆಯ ಚಿತ್ರದ ಪೋಸ್ಟ್‌ಕಾರ್ಡ್ ಕಣ್ಣಿಗೆ ಬಿತ್ತು. ಬಣ್ಣ ಮಾಸಿತ್ತು, ಒಂದು ಮೂಲೆಯನ್ನು ಇಲಿ ತಿಂದಿತ್ತು. ಯಾವುದೋ ಪುಟ್ಟ ಬಂದರು ಊರು. ಕೆಂಪು ಹೆಂಚಿನ ಮನೆಗಳು, ದಡಕ್ಕೆ ಕಟ್ಟಿದ ದೋಣಿಗಳು, ತುದಿಯಲ್ಲಿ ಬಿಳಿಯ ದೀಪಸ್ತಂಭ. ನಾನು ಈವರೆಗೆ ಸಮುದ್ರ ನೋಡಿದವಳಲ್ಲ. ಆದರೂ ಆ ಊರಿನ ಗುರುತು ಹತ್ತಿತು, ಹತ್ತಿದ ಕೂಡಲೇ ಮೈ ಉರಿಯಿತು. ಸಿರುಗುಪ್ಪದ ಫೋಟೋ ಸ್ಟುಡಿಯೋದವನು ಗಿರಾಕಿಗಳ ಬೆನ್ನ ಹಿಂದಿನ ಪರದೆಯ ಮೇಲೆ ಬರೆದುಕೊಂಡಿದ್ದ ಊರು ಅದೇ ಆಗಿತ್ತು.

ಅದೇ, ಆದರೆ ಪೂರ್ತಿ ಅದೇ ಅಲ್ಲ. ಕಾರ್ಡಿನಲ್ಲಿ ಬುಟ್ಟಿ ಹೊತ್ತ ಹೆಂಗಸರಿದ್ದರು. ಹರಿದ ಬಲೆಗಳಿದ್ದವು, ಕೆಸರಿತ್ತು, ಒಣಗಲು ಹಾಕಿದ ಮೀನಿತ್ತು, ಮೀನಿಗೆ ಕಾದ ನಾಯಿಯೊಂದಿತ್ತು. ಅವನ ಪರದೆಯಲ್ಲಿ ಇವೊಂದೂ ಇರಲಿಲ್ಲ. ನೀಲಿ ನೀರು, ಬಿಳಿ ದೋಣಿ, ತೊಳೆದಿಟ್ಟಂಥ ಓಣಿ, ಅಷ್ಟೇ. ತನಗೆ ಬೇಡವಾದದ್ದನ್ನು ಒರೆಸಿ ಹಾಕುವುದು ಆ ಮನುಷ್ಯನ ಹುಟ್ಟುಗುಣ ಎಂದು ಅಲ್ಲೇ ನಿಂತು ಹಲ್ಲು ಕಡಿದೆ.

ಅವನು ಸತ್ತು ಕೆಲವು ವರ್ಷಗಳಾದವು. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಬದುಕಿದ್ದಾಗ ಬೈದದ್ದು ಸಾಲದೆ ಹೋದರೆ ಏನು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ. ಊರೆಲ್ಲ ಅವನಿಗೆ ಬಹುವಚನ ಕೊಡುತ್ತಿತ್ತು. ನಾನು ಕೊಡುವವಳಲ್ಲ.

ಆಗ ನಾವಿದ್ದದ್ದು ತೆಕ್ಕಲಕೋಟೆಯಲ್ಲಿ. ಸುತ್ತಮುತ್ತಲ ಹಳ್ಳಿಯವರಿಗೆ ಫೋಟೋ ಬೇಕೆಂದರೆ ಸಿರುಗುಪ್ಪಕ್ಕೇ ಹೋಗಬೇಕು, ಅವನ ಮುಂದೆಯೇ ಕೂರಬೇಕು. ಹಾಳೂರಿಗೆ ಉಳಿದವನೇ ಗೌಡ ಎಂಬ ಹಾಗೆ ಅವನ ದರ್ಪ ನಡೆಯುತ್ತಿತ್ತು. ಮದುವೆಯ ಜೋಡಿ, ಮುಡಿ ಕೊಟ್ಟು ಬಂದ ಕೂಸು, ಹಲ್ಲಿಲ್ಲದ ಅಜ್ಜಿ, ಯಾರೇ ಬರಲಿ, ಎಲ್ಲರನ್ನೂ ಆ ಬಂದರಿನ ಮುಂದೆ ಕೂರಿಸುತ್ತಿದ್ದ. ಭತ್ತ ನಾಟಿ ಮಾಡಿ ಕಾಲಿನ ಕೆಸರು ಆರದ ಜನ, ಬೆನ್ನ ಹಿಂದೆ ದೋಣಿ ಇಟ್ಟುಕೊಂಡು ಬಿಟ್ಟ ಕಣ್ಣು ಬಿಟ್ಟ ಹಾಗೇ ಕೂರುತ್ತಿದ್ದರು. ಈಗಲೂ ಆ ಕಡೆಯ ಹಳೆ ಮನೆಗಳ ಗೋಡೆಯಲ್ಲಿ ಆ ಸಮುದ್ರ ಸಿಗುತ್ತದೆ.

ಅಕ್ಕನ ಕೆನ್ನೆಯ ಮೇಲೆ ಹುಟ್ಟುಮಚ್ಚೆಯಿತ್ತು. ಬದನೆಕಾಯಿ ಬಣ್ಣದ್ದು, ಹುಣಸೆಬೀಜಕ್ಕಿಂತ ದೊಡ್ಡದು, ಮೇಲಿನ ಅಂಚು ಮಾತ್ರ ಸೊಟ್ಟ. ನಕ್ಕರೆ ಅದೂ ಅಗಲವಾಗುತ್ತಿತ್ತು. ನಮ್ಮ ಅಜ್ಜಿ ಅದಕ್ಕೆ ದೇವರಿಟ್ಟ ದೃಷ್ಟಿಬೊಟ್ಟು ಎನ್ನುತ್ತಿದ್ದಳು. ಮನೆಯಲ್ಲಿ ಅದೊಂದು ಕೊರತೆ ಎಂದು ಯಾರಿಗೂ ಅನಿಸಿರಲಿಲ್ಲ, ಅಕ್ಕನಿಗಂತೂ ಇಲ್ಲವೇ ಇಲ್ಲ.

ಕುರುಗೋಡಿನಿಂದ ಒಂದು ಸಂಬಂಧ ಕೂಡಿಬರುವ ಹಾಗಿತ್ತು. ಮೊದಲು ಹುಡುಗಿಯ ಫೋಟೋ ಕಳಿಸಬೇಕು, ಒಪ್ಪಿದರೆ ಅವರು ನೋಡಲು ಬರುತ್ತಾರೆ, ಆಗಿನ ಪದ್ಧತಿ ಅದು. ಮಚ್ಚೆಯ ವಿಷಯ ಮೊದಲೇ ಬಾಯಿಬಿಟ್ಟು ಹೇಳೋಣವೇ ಎಂದು ಅವ್ವ ಕೇಳಿದಳು. "ಫೋಟೋದಾಗ ಕಾಣ್ತೈತಲ್ಲ, ಮತ್ಯಾಕ ಡಂಗುರ?" ಎಂದ ಅಪ್ಪ. ಅಪ್ಪ ಮಾಡಿದ ತಪ್ಪು ಅದೊಂದೇ.

ಅಕ್ಕನ ಜೊತೆ ನಾನೂ ಹೋಗಿದ್ದೆ. ನನಗೆ ಹತ್ತು ವರ್ಷ. ಆ ಸ್ಟುಡಿಯೋದ ಔಷಧಿಯ ಹುಳಿವಾಸನೆ... ಅವನು ಅಕ್ಕನ ಗದ್ದ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದ. ಸಂತೆಯಲ್ಲಿ ದನದ ಹಲ್ಲು ನೋಡುವವರೂ ಅಷ್ಟು ಒರಟಾಗಿ ಹಿಡಿಯುವುದಿಲ್ಲ. "ಅಮ್ಮಾಯಿ, ನೆಟ್ಟಗ ನೋಡು. ಹಲ್ಲು ಬಿಡಬ್ಯಾಡ" ಎಂದ. ಅಕ್ಕ ನೆಟ್ಟಗೆ ನೋಡಿದಳು.

ಆಮೇಲೆ ಕತ್ತಲೆ ಕೋಣೆಯಲ್ಲಿ ಅವನ ಕಸುಬು. ಚೂಪು ಪೆನ್ಸಿಲ್ ಹಿಡಿದು ನೆಗೆಟಿವಿನ ಮೇಲೆ ಸಣ್ಣಗೆ ತಿದ್ದುವುದು. ಅದಕ್ಕೆ ಟಚಿಂಗ್ ಎನ್ನುತ್ತಿದ್ದರು. ಸಿಡುಬಿನ ಕಲೆ, ಮುಖದ ಗೆರೆ ಎಲ್ಲ ಅದರಿಂದ ಮಾಯವಾಗುತ್ತಿದ್ದವು. ಅಕ್ಕನ ಮಚ್ಚೆಯನ್ನೂ ಅವನು ಹಾಗೇ ಮಾಯ ಮಾಡಿದ. ಯಾರೂ ಕೇಳಿರಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ. ಕುರುಗೋಡಿಗೆ ಹೋಗಿಬಂದು ಮಾಡುತ್ತಿದ್ದ ನಮ್ಮ ಪರಿಚಯದ ವ್ಯಾಪಾರಿಯೊಬ್ಬರು ಅಂಟಿಸಿದ ಕವರನ್ನು ಸ್ಟುಡಿಯೋದಿಂದಲೇ ಎತ್ತಿಕೊಂಡು ಹೋಗಿ ಗಂಡಿನ ಮನೆಗೆ ಕೊಟ್ಟರು. ನಾವು ಯಾರೂ ಫೋಟೋ ನೋಡಿರಲಿಲ್ಲ.

ಅವರು ಒಪ್ಪಿದರು, ಬಂದರು. ಅವ್ವ ಉಪ್ಪಿಟ್ಟು ಮಾಡಿದ್ದಳು. ಅಕ್ಕ ಬಂದು ಚಾಪೆಯ ಮೇಲೆ ಕೂತಳು. ಗಂಡಿನ ಅತ್ತೆಯೊಬ್ಬಳು ಅಕ್ಕನ ಮುಖ ನೋಡಿದವಳೇ, "ಇದೇನವ್ವ, ಒಲಿ ಮಸಿ ಹತ್ತೈತಿ" ಎಂದು ಸೆರಗಿನ ತುದಿಯನ್ನು ನಾಲಿಗೆಗೆ ಒತ್ತಿ, ಅಕ್ಕನ ಕೆನ್ನೆ ಉಜ್ಜಿದಳು. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದಳು. ಅಕ್ಕ ಅಲುಗಾಡದೆ ಕೂತಿದ್ದಳು. ಕೊನೆಗೆ ಆಕೆ ಚೀಲದಿಂದ ಫೋಟೋ ತೆಗೆದು, ಒಮ್ಮೆ ಅದನ್ನು, ಒಮ್ಮೆ ಅಕ್ಕನನ್ನು ನೋಡಿ, ಅದನ್ನು ಗಂಡಿನ ತಂದೆಯ ಕೈಗೆ ಕೊಟ್ಟಳು.

"ಮಚ್ಚಿ ಇದ್ರ ಇರ್ಲಿ, ಅದಕ್ಕೇನು. ನಾವು ತಗೋತಿದ್ವಿ. ಆದ್ರ ನೀವು ಮುಚ್ಚಿಟ್ರಿ ನೋಡ್ರಿ, ಅದು ಸರಿ ಅಲ್ಲ" ಎಂದು ಆ ಹಿರಿಯರು ಎದ್ದು ನಿಂತರು. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಉಪ್ಪಿಟ್ಟಿನ ತಟ್ಟೆಗಳು ಇಟ್ಟಲ್ಲೇ ಆರಿದವು.

ಅಪ್ಪ ಮರುದಿನವೇ ಸ್ಟುಡಿಯೋಕ್ಕೆ ಹೋದ. ಅವನು ತಲೆ ಸಹ ಎತ್ತಲಿಲ್ಲವಂತೆ. "ಚಂದ ಮಾಡಿ ಕೊಟ್ಟೀನಿ ಯಜಮಾನ್ರ, ಅದಕ್ಕ ಜಗಳಾ ತೆಗಿತೀರೇನು? ಬ್ಯಾಡಂದ್ರ ಪೆನ್ಸಿಲ್ ಒರಿಸಿ, ಇದ್ದದ್ದು ಇದ್ದಂಗ ಇನ್ನೊಂದು ತೆಗೆದು ಕೊಡ್ತೀನಿ" ಎಂದನಂತೆ. ಮುರಿದ ಸಂಬಂಧಕ್ಕೆ ಇನ್ನೊಂದು ಫೋಟೋ! ಅಪ್ಪ ಉಗಿದು ಬಂದ. ಮನೆಗೆಂದು ಮಾಡಿಸಿದ್ದ ಪ್ರತಿಯನ್ನು ಅವನು ಕಟ್ಟು ಹಾಕಿಸಿ ಆಮೇಲೆ ಕಳಿಸಿಕೊಟ್ಟ. ಸೊಕ್ಕು ಅಂದರೆ ಇದು.

ಊರ ಬಾಯಿಗೆ ಮುಚ್ಚಳ ಹಾಕಲಾದೀತೆ? ಫೋಟೋದಲ್ಲಿ ಮೋಸ ಮಾಡಿದ ಮನೆ ಎಂಬ ಹೆಸರು ನಮಗೆ ಅಂಟಿತು. ರೂಪನಗುಡಿಯ ಕಡೆಯಿಂದ ಬರಬೇಕಿದ್ದವರು ದಾರಿಯಲ್ಲೇ ಮಾತು ಕೇಳಿ ಹಿಂದಿರುಗಿದರು. ಅಕ್ಕ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಕ್ಯಾಮೆರಾದ ಮುಂದೆ ಮತ್ತೆ ಕೂರಲೇ ಇಲ್ಲ, ನನ್ನ ಮದುವೆಯಲ್ಲಿ ಕೂಡ. ಎಲ್ಲರೂ ಸಾಲಾಗಿ ನಿಂತಾಗ ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು... ವೋಟಿನ ಚೀಟಿಗೆ ಎಲ್ಲರ ಮುಖ ತೆಗೆಯುವ ಕಾಲ ಬರುವ ಮೊದಲೇ ಕಾಮಾಲೆ ಆಗಿ ಹೋಗಿಬಿಟ್ಟಳು.

ಅಪ್ಪ ಹೋದ, ಅವ್ವ ಹೋದಳು. ಅವ್ವನ ಗೋಡೆಯಲ್ಲಿದ್ದ ಅಕ್ಕನ ಫೋಟೋ ಬಳ್ಳಾರಿಯ ನನ್ನ ಮನೆಗೆ ಬಂತು. ನಯವಾದ ಕೆನ್ನೆ, ಹಿಂದೆ ದೋಣಿ. ಇದು ಅಕ್ಕನಲ್ಲ ಎಂದು ದಿನಾ ಅನಿಸುತ್ತಿತ್ತು. ಒಂದು ದಿನ ಅಪ್ಪನಿಗೆ ಅವನು ಹೇಳಿದ್ದ ಮಾತು ನೆನಪಾಯಿತು. ನೆಗೆಟಿವಿನ ಮೇಲಿನ ಪೆನ್ಸಿಲ್ ಒರೆಸಿದರೆ ಅಡಿಯಲ್ಲಿ ಅಕ್ಕ ಇರುತ್ತಾಳಲ್ಲ! ಫೋಟೋ ಕಂಕುಳಲ್ಲಿಟ್ಟುಕೊಂಡು ಸಿರುಗುಪ್ಪದ ಬಸ್ ಹತ್ತಿದೆ.

ಅವನು ಮುದುಕನಾಗಿದ್ದ. ಮಗ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಇಟ್ಟಿದ್ದ. ನೆಗೆಟಿವ್ ಕೇಳಿದೆ.

"ಹಳೇವೆಲ್ಲಾ ಬೆಳ್ಳಿ ತಗಿಯೋರಿಗೆ ಹಾಕಿದ್ವಿ ತಂಗಿ, ಬಾಳ ದಿನ ಆತು" ಎಂದ ಮುದುಕ. ಹಳೆ ನೆಗೆಟಿವ್‌ಗಳನ್ನು ತೊಳೆದರೆ ಚೂರು ಬೆಳ್ಳಿ ಸಿಗುತ್ತದಂತೆ. ಊರಿನವರ ಮುಖಗಳನ್ನೆಲ್ಲ ತೊಳೆದು ಮುಗಿಸಿದ್ದರು.

ಅಲ್ಲಿಯವರೆಗೆ ಕಟ್ಟಿಕೊಂಡಿದ್ದನ್ನೆಲ್ಲ ಅವನ ಮುಖಕ್ಕೆ ಹೇಳಿದೆ. ನಿನ್ನ ಕೈ ಸೇದಿ ಹೋಗಲಿ ಎಂದೆ. ಮಗ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ. ಮುದುಕ ಮಾತ್ರ ಕೈ ಚಾಚಿ ಫೋಟೋ ಇಸಿದುಕೊಂಡ. ಡ್ರಾ ಎಳೆದು ಒಂದು ಕುಂಚ ಹುಡುಕಿದ.

"ಮ್ಯಾಲೇ ಬರದು ಕೊಡ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ. ಯಾ ಕಡಿ ಇತ್ತು, ಹೇಳು."

ನನ್ನ ಕೈ ಕೆನ್ನೆಯ ಕಡೆಗೆ ಎದ್ದಿತು, ಅಲ್ಲೇ ನಿಂತಿತು. ಬಲಕ್ಕೆ... ಅಲ್ಲ, ಅವಳು ನನಗೆ ಜಡೆ ಹಾಕುವಾಗ ಕಂಡದ್ದು ಕನ್ನಡಿಯಲ್ಲಿ. ಪಕ್ಕದಲ್ಲಿ ಮಲಗಿದಾಗ ನನ್ನ ಕಡೆಗಿತ್ತು, ಆದರೆ ನಾನು ಯಾವ ಪಕ್ಕದಲ್ಲಿ ಮಲಗುತ್ತಿದ್ದೆ? ಬಣ್ಣ ಗೊತ್ತು, ಸೊಟ್ಟ ಅಂಚು ಗೊತ್ತು...

"ಮರ್ತೀ ಏನು?" ಎಂದ. ಅಣಕವಿರಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. "ಇರ್ಲಿ, ನೆನಪಾದಾಗ ಬಾ."

ಫೋಟೋ ಕಿತ್ತುಕೊಂಡು ಬಸ್ ನಿಲ್ದಾಣದವರೆಗೂ ಅವನನ್ನು ಬೈಯುತ್ತಲೇ ನಡೆದೆ. ಮತ್ತೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆ ವರ್ಷವೇ ಅವನು ಸತ್ತ ಸುದ್ದಿ ಬಂತು. ಕೇಳಿ ನನಗೆ ಏನೂ ಅನಿಸಲಿಲ್ಲ ಎಂದರೆ ಸುಳ್ಳು, ಸಿಟ್ಟು ಬಂತು. ಹೇಳಬೇಕಾದ ಉತ್ತರವೊಂದು ನನ್ನಲ್ಲೇ ಉಳಿಯಿತು, ಅದೂ ನನಗೇ ಗೊತ್ತಿಲ್ಲದ ಉತ್ತರ. ಕೇಳೋಣವೆಂದರೆ ಅವಳ ಕೆನ್ನೆ ಕಂಡವರು ನಮ್ಮಲ್ಲಿ ಈಗ ಯಾರೂ ಉಳಿದಿಲ್ಲ.

ಇವತ್ತು ಬೆಳಿಗ್ಗೆಯೂ ಆ ಫೋಟೋದ ಮುಂದೆ ಊದಿನಕಡ್ಡಿ ಹಚ್ಚುವಾಗ ಅವನನ್ನು ಬೈದೆ. ಬೈದು ಸಾಕಾದ ಮೇಲೆ ಅಕ್ಕನನ್ನು ನೆನೆಯಲು ಕಣ್ಣು ಮುಚ್ಚಿದೆ. ಬಂದದ್ದು ಅವನು ಮಾಡಿಕೊಟ್ಟ ಮುಖ.