ಪಾಳು ನೌಕೆಗೆ ಒಂದು ಅಂಕ

ಆರ್ವಿಡ್ ಸ್ಕೋಗ್ಲುಂಡ್ ಅಮೆರಿಕದ ಡುಲೂತ್ ನಗರಸಭೆಯಲ್ಲಿ ಹಿಮ ಸರಿಸುವ ಲಾರಿ ಓಡಿಸುತ್ತಿದ್ದ. ಅದು ಹೊಟ್ಟೆಪಾಡು. ಅವನ ಅಸಲು ಕಸುಬು ಕಾರ್ಡುಗಳಿಗೆ ಅಂಕ ಹಾಕುವುದು. ‘ಏಳು ಸೂರ್ಯರು’ ಎಂಬ ಆಟ ಆಗ ನಮ್ಮೂರಿನ ಅರ್ಧ ಜನಕ್ಕೆ ಹುಚ್ಚು ಹಿಡಿಸಿತ್ತು. ಅಂತರಿಕ್ಷ ನೌಕೆಗಳು, ಕಪ್ತಾನರು, ಗ್ರಹಗಳು, ಎಲ್ಲವೂ ಬಣ್ಣದ ಕಾರ್ಡಿನಲ್ಲಿ. ವರ್ಷಕ್ಕೆ ಎರಡು ಮೂರು ಸಲ ಹೊಸ ಕಂತು ಬರುತ್ತಿತ್ತು, ಒಂದೊಂದರಲ್ಲೂ ನೂರಿಪ್ಪತ್ತು ಹೊಸ ಕಾರ್ಡು. ಪೊಟ್ಟಣ ಒಡೆದಾಗ ಏನು ಸಿಗುತ್ತದೋ ಅದು ಅವರವರ ಹಣೆಬರಹ. ಸಿಕ್ಕಿದ್ದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಹೇಳುವವನು ಆರ್ವಿಡ್.

ನಾಲ್ಕು ಹಾಳೆಯ ಜೆರಾಕ್ಸ್ ಪಟ್ಟಿ. ಪ್ರತಿ ಕಾರ್ಡಿಗೂ ಹತ್ತಕ್ಕೆ ಇಷ್ಟು ಎಂದು ಅಂಕ, ಕೆಳಗೆ ಒಂದೆರಡು ಸಾಲು ವಿವರಣೆ, ಬಹುಪಾಲು ಬೈಗುಳ. ‘ಈ ಕಪ್ತಾನನಿಗಿಂತ ನಮ್ಮ ಬೆಕ್ಕು ಚೆನ್ನಾಗಿ ನೌಕೆ ನಡೆಸುತ್ತದೆ’ ಎಂದೊಮ್ಮೆ ಬರೆದಿದ್ದ. ಶನಿವಾರ ಬೆಳಿಗ್ಗೆ ಕಾರ್ಡಿನಂಗಡಿಯ ಮೇಜಿನ ಮೇಲಿಟ್ಟರೆ ಮಧ್ಯಾಹ್ನಕ್ಕೆ ಒಂದೂ ಉಳಿಯುತ್ತಿರಲಿಲ್ಲ. ಆರ್ವಿಡ್ ಏಳು ಕೊಟ್ಟ ಕಾರ್ಡನ್ನು ಜನ ಪ್ಲಾಸ್ಟಿಕ್ ತೊಡಿಸಿ ಜೋಪಾನ ಮಾಡುತ್ತಿದ್ದರು, ಎರಡು ಕೊಟ್ಟಿದ್ದನ್ನು ಕೇಳಿದವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಮದುವೆ ಮಕ್ಕಳು ಅಂತ ಏನೂ ಇಲ್ಲದ ಆ ಮನುಷ್ಯನಿಗೆ ಊರಲ್ಲಿದ್ದ ಮರ್ಯಾದೆಯೆಲ್ಲ ಆ ನಾಲ್ಕು ಹಾಳೆಯದ್ದು.

ಅವನು ಬಾಯಿಗೆ ಬಂದಂತೆ ಅಂಕ ಹಾಕುವವನಲ್ಲ. ಅನುಮಾನ ಬಂದ ಕಾರ್ಡಿಗೆಲ್ಲ ಏಳು ಆಟದ ಪರೀಕ್ಷೆ. ಹೊಸ ಕಾರ್ಡು ಎದುರಿಗೆ ಕೂತ ಮರ್ಲ್ ಹಾವಿಸ್ಟೊನ ಕೈಗೆ. ಅದನ್ನು ಹಿಡಿದು ಗೆಲ್ಲಲು ಪ್ರಾಣ ಪಣಕ್ಕಿಟ್ಟು ಆಡುವುದು ಮರ್ಲ್‌ನ ಕೆಲಸ. ಅವನನ್ನು ತಡೆಯುವುದು, ಒಂದೊಂದು ನಡೆಯನ್ನೂ ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು ಆರ್ವಿಡನ ಕೆಲಸ. ಮರ್ಲ್ ಬಾಲ್ಯದ ಗೆಳೆಯ, ಬಂದರಿನಲ್ಲಿ ಕ್ರೇನ್ ನಡೆಸುವವನು. ಭಾನುವಾರ ಚರ್ಚು ಮುಗಿಸಿ ನೇರ ಆರ್ವಿಡನ ಅಡುಗೆಮನೆಗೆ ಬಂದು, ಕಾಫಿ ಕುಡಿಯುತ್ತ ಕತ್ತಲಾಗುವವರೆಗೂ ಆಡುತ್ತಿದ್ದ.

ತೊಂಬತ್ತಾರರ ಶರತ್ಕಾಲದ ಕಂತಿನಲ್ಲಿ ‘ಪಾಳು ನೌಕೆ’ ಬಂತು. ಮೇಜಿಗೆ ಇಳಿಸಲು ಇಂಧನ ಬೇಡ, ಪುಕ್ಕಟೆ. ಆದರೆ ಬಲ ಸೊನ್ನೆ, ಸಿಬ್ಬಂದಿ ಸೊನ್ನೆ, ಸುಮ್ಮನೆ ತೇಲುತ್ತಿರುವ ತಗಡು. ಪುಕ್ಕಟೆ ಎಂದ ಕೂಡಲೇ ಆರ್ವಿಡನಿಗೆ ಅನುಮಾನ. ಏಳು ಆಟ ಆಡಿದರು. ಏಳರಲ್ಲೂ ಮರ್ಲ್ ಸೋತ.

“ಥೂ, ದರಿದ್ರ ಕಾರ್ಡು ಕಣೋ ಇದು!” ಎಂದು ಮರ್ಲ್ ಕೊನೆಗೆ ಎಲ್ಲವನ್ನೂ ಮೇಜಿನ ಮೇಲೆ ಎಸೆದ. “ಒಂದು ಅಂಕನೂ ಜಾಸ್ತಿನೇ. ನನ್ನ ಮಾನ ಹೋಯ್ತು.”

“ಪಾಪ, ಸಾಕು ಬಿಡು, ಸೇಬಿನ ಪೈ ಇದೆ, ತಿನ್ನು,” ಎಂದ ಆರ್ವಿಡ್. ಒಂದು ಅಂಕ ಹಾಕಿದ. ‘ಪುಕ್ಕಟೆ ಸಿಕ್ಕರೂ ದುಬಾರಿ’ ಎಂದು ಬರೆದ.

ಪಟ್ಟಿ ಹೊರಬಿದ್ದ ವಾರವೇ ಮರ್ಲ್ ಅಂಗಡಿಯಲ್ಲಿ ಕೂತು ಪಾಳು ನೌಕೆಗಳನ್ನು ಕೂಡಿಹಾಕತೊಡಗಿದ. ಯಾಕೆ ಎಂದು ಕೇಳಿದರೆ, “ಬಚ್ಚಲುಮನೆ ಗೋಡೆಗೆ ಅಂಟಿಸ್ತೀನಿ, ನನ್ನ ಏಳು ಸೋಲಿನ ನೆನಪಿಗೆ!” ಎಂದು ನಗುತ್ತಿದ್ದ. ಜನರೂ ನಕ್ಕು ಕೊಟ್ಟರು. ಶಾಲೆಯ ಅಡುಗೆಯಿಂದ ನಿವೃತ್ತಳಾದ ಡೊಲೋರಿಸ್ ಪಾವ್ಲಿಚ್ ತನ್ನಲ್ಲಿದ್ದ ಹನ್ನೊಂದನ್ನೂ ಒಂದು ಹೊಳೆಯುವ ಗ್ರಹದ ಕಾರ್ಡಿಗೆ ಬದಲಾಗಿ ಕೊಟ್ಟಳು. ಅವಳು ನಮ್ಮ ಅತಿ ಒಳ್ಳೆಯ ಆಟಗಾರ್ತಿ. ಚಳಿಗಾಲದ ಪಂದ್ಯ ಗೆದ್ದು ರಾಷ್ಟ್ರಮಟ್ಟಕ್ಕೆ ಹೋಗಬೇಕೆಂಬ ಆಸೆ ಅವಳಿಗೆ ಬಹಳ ವರ್ಷಗಳದ್ದು.

ಪಂದ್ಯ ಜನವರಿಯಲ್ಲಿ, ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ. ಫೈನಲ್ಲಿನಲ್ಲಿ ಒಂದು ಕಡೆ ಡೊಲೋರಿಸ್, ಇನ್ನೊಂದು ಕಡೆ ಮರ್ಲ್. ಮರ್ಲ್ ಎರಡನೇ ಸರದಿಗೇ ಐದು ಪಾಳು ನೌಕೆಗಳನ್ನು ಸಾಲಾಗಿ ಇಳಿಸಿದ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವನು ‘ದಂಡಿನ ಕರೆ’ ಇಳಿಸಿದ. ಅದು ಮೊದಲ ಕಂತಿನ ಹಳೇ ಕಾರ್ಡು, ಎಲ್ಲರ ಮನೆಯಲ್ಲೂ ಬಿದ್ದಿರುವಂಥದ್ದು: ನಿನ್ನ ನೌಕೆ ಎಷ್ಟಿವೆಯೋ ಅಷ್ಟು ಎದುರಾಳಿಯ ನೌಕೆ ನಾಶ. ನೌಕೆಯ ಬಲವೆಷ್ಟು ಎಂದು ಅದು ಕೇಳುವುದಿಲ್ಲ, ಎಣಿಕೆ ಸಾಕು. ಡೊಲೋರಿಸಳ ಎದುರು ಮೇಜು ಬರಿದಾಯಿತು. ಎರಡನೇ ಆಟದಲ್ಲೂ ಅದೇ, ಪಂದ್ಯ ಮರ್ಲ್ ಪಾಲಾಯಿತು.

ನಗು ನಿಂತುಹೋಗಿತ್ತು. ಡೊಲೋರಿಸ್ ಎದ್ದು ಆರ್ವಿಡನ ಹತ್ತಿರ ಬಂದಳು.

“ನನ್ನ ಕಾರ್ಡಿಂದಲೇ ನನ್ನ ಹೊಡೆದ. ನಿಮ್ಮಿಬ್ಬರಿಗೂ ಗೊತ್ತಿತ್ತಾ?”

“ಇಲ್ಲ. ದೇವರಾಣೆ ಇಲ್ಲ, ಡೊಲೋರಿಸ್.”

“ನೀವಿಬ್ಬರೂ ಒಟ್ಟಿಗೇ ಅಲ್ವೇನಪ್ಪ ಪರೀಕ್ಷೆ ಮಾಡೋದು?” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಆರ್ವಿಡನಿಗೆ ಹೆಚ್ಚು ನೋವಾಗಿದ್ದು. ಸುತ್ತ ನಿಂತವರ ಮುಖದಲ್ಲೂ ಅದೇ ಪ್ರಶ್ನೆ. ಇಬ್ಬರೂ ಸೇರಿ ಊರಿಗೆ ಟೋಪಿ ಹಾಕಿದರು ಎಂದು ಆಗಲೇ ಯಾರೋ ಗೊಣಗುತ್ತಿದ್ದರು.

ಅವನು ಮನೆಗೆ ಹೋಗಿ ನೋಟುಪುಸ್ತಕ ತೆಗೆದ. ಕೈಯಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡಾದರೆ ಒಂದನ್ನು ಎಲ್ಲರಿಗೂ ಕಾಣುವಂತೆ ಬಿಸಾಡಬೇಕು, ಅದು ನಿಯಮ. ಒಂದನೇ ಆಟ, ಮೂರನೇ ಸರದಿ: ‘ಮರ್ಲ್ ದಂಡಿನ ಕರೆ ಬಿಸಾಡಿದ.’ ಎರಡನೇ ಆಟದಲ್ಲೂ ಬಿಸಾಡಿದ್ದ. ನಾಲ್ಕರಲ್ಲಿ, ಐದರಲ್ಲಿ, ಏಳರಲ್ಲಿ ಎರಡು ಸಲ. ಎಲ್ಲ ತನ್ನದೇ ದುಂಡಗಿನ ಅಕ್ಷರ. ಪರೀಕ್ಷೆಯ ಕಾರ್ಡೊಂದನ್ನೇ ದಿಟ್ಟಿಸುತ್ತ ಕೂತವನಿಗೆ ಪಕ್ಕದಲ್ಲಿ ಏನು ಬೀಳುತ್ತಿದೆ ಎಂದು ಬರೆಯಲು ಬಂತು, ನೋಡಲು ಬರಲಿಲ್ಲ. ಏಳನೇ ಆಟದ ಕೆಳಗೆ ‘ಪಾಪ ಮರ್ಲ್’ ಎಂದು ಬೇರೆ ಬರೆದಿದ್ದ.

ಮರುದಿನ ಬಂದರಿಗೇ ಹೋಗಿ ಮರ್ಲ್‌ನನ್ನು ಹಿಡಿದ.

“ಬೇಕಂತಲೇ ಸೋತೆಯಾ? ಏಳೂ?”

ಮರ್ಲ್ ಕೈಗವಸು ಕಳಚಿದ. “ಹೂಂ. ಮೊದಲನೇ ಆಟದಲ್ಲೇ ಹೊಳೀತು.”

“ನನ್ನ ಅಡುಗೆಮನೇಲಿ ಕೂತು, ನನ್ನ ಕಾಫಿ ಕುಡೀತಾ?”

“ಸುಳ್ಳು ಹೇಳಿಲ್ಲ ಕಣೋ ನಾನು, ಸೋತೆ ಅಷ್ಟೆ. ಇಷ್ಟು ಪಟ್ಟಿ ಹಾಕಿದೀಯಲ್ಲ, ಒಂದರಲ್ಲಾದ್ರೂ ನನ್ನ ಹೆಸರಿದೆಯಾ? ನಾನು ಕಂಡುಹಿಡಿದ ಗುಟ್ಟೆಲ್ಲ ಶನಿವಾರ ಬೆಳಿಗ್ಗೆ ‘ಆರ್ವಿಡ್ ಹೇಳ್ದ’ ಅಂತ ಊರಿಗೆಲ್ಲ ಹಂಚಿಹೋಗ್ತಿತ್ತು. ಒಂದನ್ನ ಇಟ್ಕೊಂಡೆ ಮಾರಾಯ. ಒಂದೇ ಒಂದು.”

ಹೆಸರು ಹಾಕಿಲ್ಲ ಎಂಬುದು ನಿಜವೇ ಆಗಿತ್ತು. “ಕೇಳಿದ್ರೆ ಹಾಕ್ತಿದ್ದೆನಲ್ಲೋ,” ಎಂದ ಆರ್ವಿಡ್.

“ಅದನ್ನೂ ಕೇಳ್ಬೇಕಿತ್ತಾ?” ಎಂದ ಮರ್ಲ್. “ಈಗ ಒಂದು ಉಪಕಾರ ಮಾಡು. ‘ನನ್ನಿಂದ ತಪ್ಪಾಯ್ತು, ಸರಿಯಾಗಿ ನೋಡ್ಲಿಲ್ಲ’ ಅಂತ ನೀನೇ ಪಟ್ಟೀಲಿ ಬರೆದುಬಿಡು. ಮುಗಿದುಹೋಗುತ್ತೆ.”

ಆರ್ವಿಡ್ ಹಾಗೆ ಬರೆಯಲಿಲ್ಲ, ಬೈದೂ ಬರೆಯಲಿಲ್ಲ. ಪಾಳು ನೌಕೆಗೆ ಒಂಬತ್ತು ಎಂದು ತಿದ್ದಿ, ಏಳು ಆಟದ ಟಿಪ್ಪಣಿಯನ್ನು ಇದ್ದಂತೇ ಅಚ್ಚು ಹಾಕಿದ, ‘ಪಾಪ ಮರ್ಲ್’ ಸಮೇತ. ‘ಪರೀಕ್ಷೆಗೆ ಕೂತವನು: ಮರ್ಲ್ ಹಾವಿಸ್ಟೊ’ ಎಂದು ಮೊದಲ ಸಲ ಹೆಸರೂ ಹಾಕಿದ. ಆಟ ಬಲ್ಲವರಿಗೆ ನಿಜ ತಿಳಿಯಲು ಅಷ್ಟು ಸಾಕಾಯಿತು. ಮರ್ಲ್ ಮತ್ತೆ ಅಂಗಡಿಗೂ ಬರಲಿಲ್ಲ, ಅಡುಗೆಮನೆಗೂ ಬರಲಿಲ್ಲ.

ವಸಂತದಲ್ಲಿ ಹೊಸ ಕಂತು ಬಂದಾಗ ಡೊಲೋರಿಸ್ ತಾನಾಗಿಯೇ ಬಾಗಿಲು ತಟ್ಟಿದಳು. ಕೈಯಲ್ಲಿ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್‌ನ ಬಿಸಿ ಪಾತ್ರೆ.

“ನಿನ್ನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತಪ್ಪ. ಎದುರಿಗೆ ಯಾರಾದ್ರೂ ಬೇಕಲ್ಲ? ನಾನು ಕೂರ್ತೀನಿ.”

ಆರ್ವಿಡನ ಕಣ್ಣು ತುಂಬಿತು. ಕುರ್ಚಿ ಎಳೆದು ಕೂರಿಸಿದ. ಹೊಸ ಕಾರ್ಡೊಂದನ್ನು ಅವಳ ಕೈಗಿತ್ತ. ಅವಳು ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ ಆಡಿದಳು. ಒಂದು ಗಂಟೆ ಹೋರಾಡಿ ಸೋತಳು.

“ಛೇ, ಏನೂ ಪ್ರಯೋಜನ ಇಲ್ಲ ಇದ್ರಿಂದ. ಎರಡು ಕೊಡು,” ಎಂದಳು.

ಆರ್ವಿಡ್ ಪೆನ್ನು ಎತ್ತಿಕೊಂಡ. ಬರೆಯಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತ.

“ಕೈಯಲ್ಲಿ ಉಳಿದಿರೋದನ್ನ ತೋರಿಸ್ತೀರಾ?” ಎಂದ.

ಡೊಲೋರಿಸ್ ನಾಲ್ಕು ಕಾರ್ಡನ್ನೂ ಮೇಜಿನ ಮೇಲೆ ಬಿಚ್ಚಿ ಇಟ್ಟಳು. ಆರ್ವಿಡ್ ಒಂದೊಂದನ್ನೇ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ಅವಳು ಬೇಕಂತಲೇ ಆಡದೆ ಉಳಿಸಿಕೊಂಡಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ.