ಗ್ಯಾರೇಜಿನ ಸೇವಂತಿಗೆ

ಇಂಗ್ಲೆಂಡಿನ ವಾಲ್ಸಾಲ್‌ನಲ್ಲಿ ಚರ್ಮದ ಕೆಲಸ ಕಲಿಸುವ ಸಂಜೆ ಕ್ಲಾಸಿನಲ್ಲಿ ನಾನು ಚರ್ಮದ ಮೇಲೆ ಕೆತ್ತಿದ ಮೊದಲ ಗುಲಾಬಿಯನ್ನು ನೋಡಿ ನಮ್ಮ ಟೀಚರಮ್ಮ, "ಕೋಸುಗಡ್ಡೆ ಚೆನ್ನಾಗಿ ಬಂದಿದೆ" ಎಂದರು. ವ್ಯಂಗ್ಯವಾದರೂ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಮನಸಾರೆ ಹೊಗಳಿದ್ದರು.

ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳ ಮುಂದೆ ಅವಳದೇ ತಪ್ಪು ತಂದಿಟ್ಟರೆ ಮೈಯೆಲ್ಲ ಉರಿಯುತ್ತದೆ. ನನ್ನ ದೊಡ್ಡ ತಪ್ಪು ಆತುರ. ಚರ್ಮವನ್ನು ಒದ್ದೆ ಮಾಡಿ ಕೆತ್ತಬೇಕು ನಿಜ, ಆದರೆ ಒದ್ದೆ ಮಾಡಿದ ತಕ್ಷಣ ಅಲ್ಲ. ಕಪ್ಪಾದ ಬಣ್ಣ ಮತ್ತೆ ತಿಳಿಯಾಗುವ ತನಕ ಸುಮ್ಮನಿರಬೇಕು, ಕೆನ್ನೆಗೆ ಹಿಡಿದರೆ ಇನ್ನೂ ತಣ್ಣಗಿರುವಾಗ ಚಾಕು ಇಳಿಸಬೇಕು. ನಾನೋ ನೀರು ಸವರಿದವಳೇ ಸುತ್ತಿಗೆ ಎತ್ತುತ್ತಿದ್ದೆ. ಹಪ್ಪಳದ ಹಿಟ್ಟಿನ ಮೇಲೆ ಬಡಿದ ಹಾಗೆ ಎಲ್ಲ ಕುಸಿದು ಕೂರುತ್ತಿತ್ತು.

ಕಾಯುವುದನ್ನು ಕಲಿತ ಮೇಲೂ ಹೂವು ಚಪ್ಪಟೆಯಾಗಿಯೇ ಇತ್ತು. ಗೆರೆ ಕೊಯ್ದರೆ ಸಾಲದು, ಗೆರೆಯ ಹೊರಬದಿಯನ್ನು ಮಾತ್ರ ಅಚ್ಚಿಟ್ಟು ಸುತ್ತಿಗೆಯಿಂದ ಬಡಿದು ತಗ್ಗಿಸಬೇಕು. ಆಗ ಒಳಗಿನ ಎಸಳು ತಾನಾಗಿ ಎದ್ದು ನಿಲ್ಲುತ್ತದೆ. ನಾನು ಸಮಾನತೆ ತೋರಿಸಿ ಎರಡೂ ಬದಿ ಬಡಿಯುತ್ತಿದ್ದೆ. ಕೊನೆಗೆ ಗುಲಾಬಿಯ ಸಹವಾಸವನ್ನೇ ಬಿಟ್ಟೆ. ಗ್ರೀಟಿಂಗ್ ಕಾರ್ಡಿನಲ್ಲಷ್ಟೇ ಗುರುತಿದ್ದ ಹೂವು ಅದು. ಸೇವಂತಿಗೆಯನ್ನಾದರೆ ಬಾಲ್ಯವಿಡೀ ಜಡೆಯಲ್ಲಿ ಹೊತ್ತವಳು ನಾನು. ಒಂದರ ಕೆಳಗೆ ಒಂದು ಎಸಳು ಹೇಗೆ ನುಸುಳುತ್ತದೆ ಎಂಬುದು ಬೆರಳಿಗೇ ಗೊತ್ತಿತ್ತು.

ಈ ಅಭ್ಯಾಸವೆಲ್ಲ ನಡೆದದ್ದು ನಮ್ಮ ಮನೆಯ ಗ್ಯಾರೇಜಿನಲ್ಲಿ. "ಅಡಿಗಿ ಮನ್ಯಾಗ ಬ್ಯಾಡ. ಮಂದಿ ಬಂದು ಹೋಗೋ ಮನಿ" ಎಂದು ನನ್ನ ಗಂಡ ಮೊದಲ ದಿನವೇ ಹೇಳಿಬಿಟ್ಟಿದ್ದರು. ನನ್ನ ಹಾಗೇ ಧಾರವಾಡದವರು, ಡಾಕ್ಟರು. ಬಂದು ಹೋಗುವ ಅದೇ ಮಂದಿಯನ್ನು ಮನೆ ಮುಂದಿನ ಡ್ರೈವ್‌ವೇಗೆ ಕರೆದೊಯ್ದು, ಹೊಸ ಕಾರಿನ ಸೀಟು ಮುಟ್ಟಿಸಿ, "ಪ್ಯೂರ್ ಲೆದರ್" ಎನ್ನುವುದು ಅವರಿಗೆ ಬಹಳ ಇಷ್ಟ. ಚರ್ಮದ ಮೇಲೆ ಕೂರುವವರು ಯಾರು, ಅದನ್ನು ಕುಯ್ಯುವವರು ಯಾರು ಎಂಬ ಲೆಕ್ಕವನ್ನು ನಮ್ಮ ಜನ ಪಾಸ್‌ಪೋರ್ಟಿನ ಜೊತೆಗೇ ಜೋಪಾನವಾಗಿ ತಂದಿದ್ದಾರೆ.

ನಮ್ಮ ಕನ್ನಡ ಬಳಗದ ಸಮಾರಂಭಕ್ಕೆ ನಿವೃತ್ತ ವೈದ್ಯರೊಬ್ಬರು ಮುಖ್ಯ ಅತಿಥಿ. ಅವರಿಗೆ ಕೊಡಲು ಒಳ್ಳೆಯ ಬ್ಯಾಗೊಂದನ್ನು ತರುವ ಕೆಲಸ ನಮಗೆ ಬಂತು. ತರುವುದೇನು, ನಾನೇ ಮಾಡಿದೆ. ಮುಚ್ಚಳದ ಮೇಲೆ ದೊಡ್ಡದೊಂದು ಸೇವಂತಿಗೆ ಕೆತ್ತಿದೆ. ಯಾರೂ ಕೋಸುಗಡ್ಡೆ ಎನ್ನಲಾರದಂಥ ನನ್ನ ಮೊದಲ ಹೂವು. ಪ್ರತಿಯಾಗಿ ನನಗೆ ಬೇಕಿದ್ದದ್ದು ಇಷ್ಟೇ: ಇದನ್ನು ಮಾಡಿದವಳು ಇವಳು ಎಂದು ವೇದಿಕೆಯ ಮೇಲೆ ಒಂದು ಮಾತು. ಅದಕ್ಕಾಗಿ ಆಸೆಪಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಬರ್ಮಿಂಗ್‌ಹ್ಯಾಮ್‌ನ ಶಾಲೆಯೊಂದರ ಹಾಲ್‌ನಲ್ಲಿ ಬಳಗದ ಅಧ್ಯಕ್ಷರ ಹೆಂಡತಿ ಬ್ಯಾಗನ್ನು ಸವರಿ ಸವರಿ ನೋಡಿದರು. "ಎಷ್ಟು ನೀಟಾಗಿದೆ ರೀ ಫಿನಿಶಿಂಗು. ಯಾವ ಅಂಗಡಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ನುಗ್ಗಿದರು. "ವಾಲ್ಸಾಲ್‌ನಲ್ಲಿ ಒಬ್ಬ ಇಂಗ್ಲಿಷ್‌ನವನು ಮಾಡ್ತಾನೆ. ಆರ್ಡರ್ ಕೊಟ್ಟು ಮಾಡಿಸಿದ್ವಿ." ಬಳಗದ ಬಾಗಿಲು ದಾಟಿದೊಡನೆ ಅವರ ಧಾರವಾಡ ಕನ್ನಡ ಬೆಂಗಳೂರಿನದಾಗುತ್ತದೆ. ಅಂದು ಅವರ ಹೆಂಡತಿಯೂ ಇಂಗ್ಲಿಷ್ ಗಂಡಸಾದಳು.

ಅಧ್ಯಕ್ಷರು ಕಾಯಕದ ಬಗ್ಗೆ ಉದ್ದಕ್ಕೆ ಮಾತಾಡಿದರು. ದುಡಿಮೆಯಲ್ಲಿ ಮೇಲು ಕೀಳಿಲ್ಲ ಎಂದು ಮೇಜು ಗುದ್ದಿದರು. ಆಮೇಲೆ ಬ್ಯಾಗನ್ನು ಅತಿಥಿಗಳ ಕೈಗಿತ್ತು, "ಇಂಗ್ಲಿಷ್ ಕುಶಲಕರ್ಮಿಯೊಬ್ಬರ ಕೈಚಳಕ" ಎಂದರು. ಚಪ್ಪಾಳೆ ಬಿತ್ತು. ನನ್ನ ಗಂಡನೂ ತಟ್ಟಿದರು. ಅದನ್ನು ನೋಡಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೋಗಿ ಮೈಕ್ ತೆಗೆದುಕೊಂಡೆ.

"ಆ ಇಂಗ್ಲಿಷ್‌ನಾಂವ ನಾನ. ತೊಗಲು ಕೊಯ್ದಾಕಿ ನಾನ, ಹೂವು ಕೆತ್ತಿದಾಕಿನೂ ನಾನ."

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು, "ಓ, ವೆರಿ ನೈಸ್" ಎಂದು ಮೈಕ್ ವಾಪಸು ಪಡೆದರು. ಅವರ ಹೆಂಡತಿ ಬ್ಯಾಗ್ ಸವರಿದ್ದ ಬೆರಳುಗಳನ್ನು ಪೇಪರ್ ನ್ಯಾಪ್‌ಕಿನ್‌ನಲ್ಲಿ ಒರೆಸಿಕೊಂಡರು. ಊಟ ಮುಗಿಸಿ ಅತಿಥಿಗಳು ಶಾಲು ಹೊದ್ದು, ಹಾರ ಹಿಡಿದು ಹೊರಟರು. ಬ್ಯಾಗು ಕುರ್ಚಿಯ ಮೇಲೆಯೇ ಉಳಿದಿತ್ತು. ಮರೆತದ್ದಂತೆ. ನಾನು ಅದನ್ನು ಎತ್ತಿಕೊಂಡು ಬಂದು ಕಾರಿನ ಹಿಂದಿನ ಸೀಟಿಗೆ ಎಸೆದೆ.

ನಾನೇ ಕಾರು ಓಡಿಸುತ್ತಿದ್ದೆ. ಸಟನ್ ಕೋಲ್ಡ್‌ಫೀಲ್ಡ್‌ನ ನಮ್ಮ ಮನೆ ಹತ್ತಿರವಾಯಿತು. ಗಂಡ ಮೆಲ್ಲಗೆ, "ಇನ್ನ ಮಂದಿ ನಮ್ಮನ್ನ ಯಾರಂತ ತಿಳ್ಕೋಬೇಕು?" ಎಂದರು.

ನಾನು ರಸ್ತೆ ಬದಿಗೆ ಕಾರು ನಿಲ್ಲಿಸಿದೆ. ಹೊರಗೆ ಮಳೆ ಹೊಡೆಯುತ್ತಿತ್ತು.

"ಇಳೀರಿ" ಎಂದೆ. "ನೀವು ಕುಂತ ಸೀಟೂ ತೊಗಲಿಂದ ಅದ."

ಅವರು ಇಳಿಯಲಿಲ್ಲ. ಹಿಂದಕ್ಕೆ ಕೈಚಾಚಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೇವಂತಿಗೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಗ್ಯಾರೇಜಿನಲ್ಲಿ ಅಷ್ಟು ಕಾಲ ನಾನು ಬಡಿದದ್ದನ್ನು ಅವರು ಮುಟ್ಟಿದ್ದು ಅದೇ ಮೊದಲು.

"ಈ ಎಸಳು ಹಿಂಗ ಮ್ಯಾಲ ಹೆಂಗ ಎಬ್ಬಿಸ್ತಿ?"

ನಾನು ಗೇರ್ ಹಾಕಿದೆ. "ಮುಂದಿನ ಸಲ ಮೈಕ್‌ನಾಗ ಕೇಳ್ರಿ, ಹೇಳ್ತೀನಿ."