ನಾಲ್ಕು ಹೆಸರು, ಒಂದೇ ಫೋನು

ಕಳೆದ ವರ್ಷದ ಮಳೆಗಾಲ. ನಾನಾಗ ಹಿರೇಕೆರೂರಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಫ್ಲೂ ಜ್ವರ ಊರೂರಿಗೆ ಹಬ್ಬಿದರೆ ಕಾಲೇಜು ಏನು ಮಾಡಬೇಕೆಂದು ಯೋಜನೆ ಬರೆದಿಡಲು ಮೇಲಿನಿಂದ ಸೂಚನೆ ಬಂದಿತ್ತು. ಎನ್‌ಎಸ್‌ಎಸ್ ನೋಡಿಕೊಳ್ಳುವ ಹಿರೇಮಠ ಸರ್ ನಮ್ಮಲ್ಲಿ ಕೆಲವರನ್ನು ಸ್ಟಾಫ್ ರೂಮಿಗೆ ಕರೆದು, ತಾವು ಬರೆದ ಯೋಜನೆಯನ್ನು ಓದಿ ಹೇಳಿದರು. ಎರಡನೇ ಸಾಲು ಹೀಗಿತ್ತು: “ಒಂದು ಗಂಟೆಯೊಳಗೆ ಎಲ್ಲ ವಿದ್ಯಾರ್ಥಿಗಳಿಗೂ ಫೋನ್ ಮೂಲಕ ತಿಳಿಸಲಾಗುವುದು.”

ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ ನನಗೊಂದು ಚಟ ಅಂಟಿದೆ. ಯಾರು ಏನೇ ಹೇಳಲಿ, ಸಾಕ್ಷಿ ಕೇಳುತ್ತೇನೆ.

“ಒಂದ ತಾಸಿನ್ಯಾಗ ಆಗತೈತಿ ಅನ್ನಾಕ ಸಾಕ್ಷಿ ಏನ್ರಿ ಸರ್?”

“ನಿನ್ನ ಬಾಯಿಗೆ ಒಂದ ದಿನಾನೂ ಸೂಟಿ ಇಲ್ಲಲ್ಲವಾ! ತಗೋ ನಿಮ್ಮ ಕ್ಲಾಸಿನ ಲಿಸ್ಟ್. ನೀನ ಫೋನ್ ಹಚ್ಚಿ ನೋಡು.”

ಆಫೀಸಿನ ಫೋನಿನಿಂದ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಹಚ್ಚಿದೆ. ಮೊದಲ ಹೆಸರಿಗೆ ಒಬ್ಬರು, “ಹಲೋ, ಕಂಪ್ಯೂಟರ್ ಸೆಂಟರ್” ಅಂದರು. ರಾಂಗ್ ನಂಬರ್ ಎಂದು ಇಟ್ಟೆ. ಮೂರನೇ ಹೆಸರಿಗೂ ಅದೇ ದನಿ. ಏಳನೆಯದಕ್ಕೂ. ಒಂಬತ್ತನೇ ಹೆಸರಿಗೆ ಹಚ್ಚಿದಾಗ ಆ ದನಿ, “ತಂಗೀ, ಹತ್ತ ನಿಮಿಷದಾಗ ನಾಕನೇ ಸಲಾ ಆತು. ನಿನಗ ನಾ ಬೇಕೋ, ಬ್ಯಾರೇ ಯಾರರ ಬೇಕೋ?” ಎಂದಿತು.

ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಅಂಗಡಿಯ ಇಮ್ತಿಯಾಜ್ ಅಣ್ಣ! ನಮ್ಮ ಅಡ್ಮಿಷನ್, ಸ್ಕಾಲರ್‌ಶಿಪ್ ಫಾರ್ಮುಗಳನ್ನೆಲ್ಲ ತುಂಬಿಕೊಡುವವರು ಅವರೇ. ಒಟಿಪಿ ಬರಲೆಂದು ತಮ್ಮದೇ ನಂಬರ್ ಹಾಕಿಬಿಟ್ಟಿದ್ದರು. “ಮತ್ತೇನ್ ಮಾಡ್ಲಿ? ನಿಮ್ಮ ಫೋನು ಅಪ್ಪನ ಕಿಸೆದಾಗ, ಅಪ್ಪ ಹೊಲದಾಗ. ಒಟಿಪಿ ಕಾಯ್ತೈತೇನು?”

ಎಲ್ಲರೂ ನಕ್ಕರು. ವಾದ ಗೆದ್ದ ಖುಷಿಯಲ್ಲಿ ನಾನೂ ನಕ್ಕೆ, ಪಟ್ಟಿಯಲ್ಲಿ ನನ್ನ ಹೆಸರು ಕಣ್ಣಿಗೆ ಬೀಳುವವರೆಗೆ. ಅದರ ಮುಂದೆಯೂ ಅಂಗಡಿಯ ನಂಬರೇ. ಎಲ್ಲರ ಬಳಿಯೂ ಸಾಕ್ಷಿ ಕೇಳುವ ನಾನು ನನ್ನದೇ ಫಾರ್ಮನ್ನು ಓದದೆ ಸಹಿ ಹಾಕಿದ್ದೆ.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದರು. ನಮ್ಮ ಕ್ಲಾಸಿನ ಭಾಗ್ಯಾ ಹಾವೇರಿಯಲ್ಲಿ ಆಸ್ಪತ್ರೆಗೆ ಸೇರಿದ್ದಾಳೆ, ಫ್ಲೂ ಎಂದು ಗೊತ್ತಾಗಿದೆ. ಪಕ್ಕದಲ್ಲಿ ಕೂರುತ್ತಿದ್ದವರಲ್ಲಿ ಉಬ್ಬಸ ಇರುವವರಿಗೆ ಜ್ವರ ಬಂದರೆ ತಡಮಾಡದೆ ಔಷಧ ಶುರುವಾಗಬೇಕು ಎಂದು ಡಾಕ್ಟರು ಹೇಳಿದ್ದಾರೆ ಎಂದರು.

ಭಾಗ್ಯಾಳ ಒಂದು ಪಕ್ಕ ನಾನು. ಇನ್ನೊಂದು ಪಕ್ಕ ಚಿಕ್ಕೇರೂರಿನ ರೇಣುಕಾ. ಅವಳ ಬ್ಯಾಗಿನಲ್ಲಿ ಸದಾ ಇನ್ಹೇಲರ್ ಇರುತ್ತಿತ್ತು, ಮತ್ತು ಹಿಂದಿನ ದಿನದಿಂದ ಅವಳು ಬಂದಿರಲಿಲ್ಲ. ಪಟ್ಟಿ ನೋಡಿದೆ. ಅಲ್ಲೂ ಅಂಗಡಿಯ ನಂಬರೇ. ಅವಳ ಹತ್ತಿರ ಫೋನ್ ಇರಲಿಲ್ಲ. ಒಂದು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ಮನೆಯವರ ನಂಬರನ್ನು ನಾನು ಕೇಳಿರಲಿಲ್ಲ.

ಐದನೇ ಸಲವೂ ಇಮ್ತಿಯಾಜ್ ಅಣ್ಣನಿಗೇ ಹಚ್ಚಿದೆ. “ಅಣ್ಣಾ, ಈ ಸಲ ಚ್ಯಾಷ್ಟಿ ಬ್ಯಾಡ್ರಿ,” ಎಂದು ಎಲ್ಲವನ್ನೂ ಹೇಳಿದೆ. ಅವರು, “ಚಿಕ್ಕೇರೂರಾಗ ಹಿಟ್ಟಿನ ಗಿರಣಿ ಗಂಗವ್ವಾರು ಅದಾರ. ಅವರ ಮಗಳ ಫಾರ್ಮೂ ನಾನ ತುಂಬೇನಿ. ನಂಬರ್ ಬರ್ಕೋ,” ಎಂದರು.

ಹಚ್ಚಿ ವಿಷಯ ಹೇಳಿದೆ. ಗಂಗವ್ವ ಫೋನ್ ಇಡಲೇ ಇಲ್ಲ. ಕಿವಿಗೆ ಹಿಡಿದುಕೊಂಡೇ ನಡೆದರು. ಗಿರಣಿಯ ಸದ್ದು ಹಿಂದೆ ಸರಿಯಿತು, ನಾಯಿ ಬೊಗಳಿತು, ಯಾರೋ ಬಾಗಿಲು ತೆಗೆದರು. ಆಮೇಲೆ ರೇಣುಕಾಳ ಏದುಸಿರು.

“ನಿನ್ನಿಯಿಂದ ಜ್ವರ ಐತಿ. ನಾಳೆ ಬರ್ತೇನಿ ಬಿಡ, ಅಟೆಂಡೆನ್ಸ್ ಹೊಕ್ಕೈತಿ.”

“ಅಟೆಂಡೆನ್ಸ್ ನಾ ಜಗಳಾಡಿ ತರ್ತೇನಿ. ನೀ ಈಗಿಂದೀಗ ದವಾಖಾನಿಗೆ ಹೋಗು!”

“ಆಕೀ ಮಾತ ಏನ್ ಕೇಳ್ತೀ? ನಾನ ಕರ್ಕೊಂಡ ಹೊಕ್ಕೇನಿ,” ಎಂದರು ಗಂಗವ್ವ.

ಅಂದು ಸಂಜೆಯೇ ಔಷಧ ಶುರುವಾಯಿತು. ರೇಣುಕಾ ಒಂದು ವಾರ ಮಲಗಿ ಎದ್ದಳು. ಭಾಗ್ಯಾಳೂ ಹುಷಾರಾಗಿ ಬಂದಳು. ಹಿರೇಮಠ ಸರ್ ಆ ಎರಡನೇ ಸಾಲನ್ನು ಹೊಡೆದುಹಾಕಿ ಪೆನ್ನನ್ನು ನನ್ನ ಕೈಗಿಟ್ಟರು. ಜ್ವರವೆಂದು ಮನೆಯಲ್ಲಿ ಉಳಿದವರ ಹಾಜರಿ ಕಡಿಯಬಾರದೆಂದು ಪ್ರಿನ್ಸಿಪಾಲರ ಜೊತೆ ಎರಡು ದಿನ ವಾದಿಸಿ ಅದನ್ನೂ ಬರೆಸಿದೆ.

ಈಗ ಪ್ರತಿ ಸೆಮಿಸ್ಟರಿನ ಮೊದಲ ವಾರ ಕಾಲೇಜಿನ ಗೇಟಿನಲ್ಲಿ ಟೇಬಲ್ ಹಾಕಿ ಕೂರುತ್ತೇವೆ. ಮನೆಯದೊಂದು ನಂಬರು, ಊರಿನ ಗಿರಣಿಯದೋ ಕಿರಾಣಿ ಅಂಗಡಿಯದೋ ಇನ್ನೊಂದು. ಎರಡಕ್ಕೂ ನಮ್ಮೆದುರೇ ಹಚ್ಚಬೇಕು. ಆ ಕಡೆಯವರು ವಿದ್ಯಾರ್ಥಿಯ ಗುರುತು ಹೇಳಿದರಷ್ಟೇ ಟಿಕ್. ಸಾಕ್ಷಿ ಕೇಳುವ ಚಟ ನನಗೆ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಈಗ ಮೊದಲು ನನ್ನ ಹೆಸರಿನ ಮುಂದಿರುವ ನಂಬರಿಗೇ ಹಚ್ಚುತ್ತೇನೆ. “ಮತ್ತ ಚೆಕ್ ಮಾಡಾಕತ್ತೀಯೇನು? ಒಲಿ ಮ್ಯಾಲೆ ಹಾಲೈತಿ, ಫೋನ್ ಇಡು!” ಎಂದು ಅವ್ವ ಬೈದ ಮೇಲೆಯೇ ಟಿಕ್ ಹಾಕಿಕೊಳ್ಳುತ್ತೇನೆ.